ಸೀಮೆ ದಾಟಿದ ಸಿಮ್ ಕಾರ್ಡ್

"ಮೌಶಿ, ಇಂಟರ್‌ನ್ಯಾಷನಲ್ ರೋಮಿಂಗ್ ಹಾಕ್ಸೂದೇನ್ರಿ?"

ಚಿಕ್ಕೋಡಿ ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿ ಹುಡುಗ ಕೇಳಿದ ಪ್ರಶ್ನೆ ಇದು. ಜರ್ಮನಿಗೆ ಹೊರಡಲು ನನಗೆ ಇನ್ನು ನಾಲ್ಕೇ ದಿನ ಇತ್ತು. ಮಗಳ ಬಾಣಂತನ. ತಲೆ ತುಂಬ ಜೋಳದ ಹಿಟ್ಟು, ಅಳವಿ, ಅಂಟು, ಒಣ ಕೊಬ್ಬರಿ, ಶೇಂಗಾ ಚಟ್ನಿಯ ಲೆಕ್ಕವೇ ಓಡುತ್ತಿತ್ತು.

"ಬ್ಯಾಡಪಾ. ಅಲ್ಲಿ ಮನ್ಯಾಗ ವೈಫೈ ಐತಂತ. 28 ದಿನದ ರಿಚಾರ್ಜ್ ಅಷ್ಟ ಮಾಡು" ಅಂದೆ.

ಹುಡುಗ ಏನೋ ಹೇಳಲು ಬಾಯಿ ತೆರೆದ. ನಾನು ಕೇಳಿಸಿಕೊಳ್ಳಲಿಲ್ಲ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳು ನಾನು, ಅಂಗಡಿ ಹುಡುಗನ ಮಾತು ಕೇಳುವುದುಂಟೇ! ಆ "ಬ್ಯಾಡಪಾ" ಎಂಬ ಒಂದು ಮಾತು ನನಗೆ ಎಷ್ಟು ತುಟ್ಟಿಯಾಯಿತು ಅನ್ನೋದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಈಗ ನಮ್ಮ ಕಡೆ ಊರಿಗೆ ನಾಲ್ಕು ಮನೆಯ ಮಕ್ಕಳು ಪರದೇಶದಲ್ಲಿದ್ದಾರೆ. ಬಾಣಂತನಕ್ಕೆ, ಮೊಮ್ಮಕ್ಕಳನ್ನು ನೋಡಲಿಕ್ಕೆ, ಹಜ್ ಯಾತ್ರೆಗೆ ಅಂತ ನನ್ನ ವಯಸ್ಸಿನವರು ವಿಮಾನ ಹತ್ತುತ್ತಿದ್ದಾರೆ. ನನಗಾದದ್ದು ಅವರಿಗೆ ಆಗದಿರಲಿ.

ರೋಮಿಂಗ್ ನಮಗೇನು ಹೊಸದಲ್ಲ

ನನ್ನ ತವರು ನಿಪ್ಪಾಣಿ. ಕೊಟ್ಟ ಮನೆ ರಾಯಬಾಗ. ನೌಕರಿ ಮಾಡಿದ್ದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಹಳ್ಳಿಗಳಲ್ಲಿ. ತಂಗಿಯನ್ನು ಕೊಟ್ಟದ್ದು ಕಾಗವಾಡಕ್ಕೆ. ಬೇರೆ ಊರಿನವರು ಮೊಬೈಲ್ ಕೊಂಡು ವರ್ಷಗಟ್ಟಲೆ ಆದ ಮೇಲೆ 'ರೋಮಿಂಗ್' ಅನ್ನೋ ಶಬ್ದ ಕೇಳಿರಬಹುದು. ಗಡಿಯ ನಾವು ಅದನ್ನು ಮೊದಲ ದಿನದಿಂದಲೇ ಬಲ್ಲವರು.

ಆಗ ಮೊಬೈಲ್ ಕಂಪನಿಗಳ ಲೆಕ್ಕದಲ್ಲಿ ಕರ್ನಾಟಕ ಒಂದು ಸರ್ಕಲ್, ಮಹಾರಾಷ್ಟ್ರ ಮತ್ತು ಗೋವಾ ಕೂಡಿ ಇನ್ನೊಂದು ಸರ್ಕಲ್. ಸಿಗ್ನಲ್‌ಗೆ ಸೀಮೆಯ ಕಲ್ಲು ಕಾಣುವುದಿಲ್ಲವಲ್ಲ! ನಿಪ್ಪಾಣಿಯ ನಮ್ಮ ಅಣ್ಣನ ಮನೆಯಲ್ಲಿ ಕೆಳಗಿನ ಪಡಸಾಲೆಯಲ್ಲಿ ಕರ್ನಾಟಕದ ಟವರ್, ಮಾಳಿಗೆ ಹತ್ತಿದರೆ ಮಹಾರಾಷ್ಟ್ರದ ಟವರ್. ಮಾಳಿಗೆಯ ಮೇಲೆ ಶ್ಯಾವಿಗೆ ಒಣಗಿಸುತ್ತ ಫೋನ್ ಎತ್ತಿದರೆ ಬ್ಯಾಲೆನ್ಸ್ ಕರಗುತ್ತಿತ್ತು. ಕಾಗವಾಡದ ತಂಗಿಯಂತೂ ಫೋನ್ ಬಂದ ಕೂಡಲೇ "ತಡಿ ಅಕ್ಕಾ, ಹಿತ್ತಲಕ್ಕ ಹೋಗ್ತೀನಿ" ಅನ್ನುತ್ತಿದ್ದಳು. ಹಿತ್ತಲಲ್ಲಿ ನಿಂತರೆ ಅವಳ ಫೋನ್ ಕರ್ನಾಟಕಕ್ಕೆ ಬರುತ್ತಿತ್ತು.

ಅದಕ್ಕೇ ಗಡಿಯ ಮಂದಿ ಒಂದು ಯುಕ್ತಿ ಕಲಿತಿದ್ದೆವು. ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಆಯ್ಕೆಯನ್ನು 'ಆಟೋಮ್ಯಾಟಿಕ್' ಬಿಟ್ಟು 'ಮ್ಯಾನ್ಯುಯಲ್' ಮಾಡಿ, ನಮ್ಮ ಕಡೆಯ ಟವರನ್ನೇ ಹಿಡಿದು ಕೂರಿಸುವುದು. 2016–17ರ ಸುಮಾರಿಗೆ ದೊಡ್ಡ ಕಂಪನಿಗಳು ದೇಶದೊಳಗಿನ ರೋಮಿಂಗ್ ಶುಲ್ಕವನ್ನು ಕೈಬಿಟ್ಟ ಮೇಲೆ ಆ ಯುಕ್ತಿ ಮರೆತೇಹೋಯಿತು. ಅದರ ಜೊತೆಗೆ, ಸೀಮೆ ದಾಟಿದರೆ ಫೋನ್ ಬೇರೆಯವರ ಮನೆಯ ಅತಿಥಿಯಾಗುತ್ತದೆ ಅನ್ನೋ ಎಚ್ಚರವೂ ಹೋಯಿತು. ಕೊಗನೊಳ್ಳಿ ನಾಕಾ ದಾಟಿ ಕೊಲ್ಲಾಪುರಕ್ಕೆ ಹೋದಷ್ಟೇ ಸಲೀಸಾಗಿ ಜರ್ಮನಿಗೂ ಹೋಗಿಬರಬಹುದು ಅಂತ ನನ್ನ ಮನಸ್ಸು ನಂಬಿತ್ತು.

ಫ್ರಾಂಕ್‌ಫರ್ಟಿನ ಬಾಗಿಲಲ್ಲಿ

ಜನವರಿ ಎರಡನೇ ವಾರ ಮುಂಬಯಿಯಿಂದ ಹೊರಟೆ. ಹೊರಡುವ ಮುಂಚೆ ನಿಪ್ಪಾಣಿಯ ಅಣ್ಣನ ಮಗ ಮನೆಗೆ ಬಂದು ಫೋನ್ ಹಿಡಿದು ಕೂತಿದ್ದ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ವಿಮೆಯ ಕಾಗದ ಎಲ್ಲದರ ಫೋಟೊ ತೆಗೆದು ಫೋನಿನಲ್ಲೇ ಇಟ್ಟ. ಮಗಳ ಮನೆಯ ಸುತ್ತಲಿನ ಮ್ಯಾಪ್ ಇಳಿಸಿದ. ಅನುವಾದದ ಆ್ಯಪ್‌ನಲ್ಲಿ ಜರ್ಮನ್ ಭಾಷೆಯನ್ನೂ ಇಳಿಸಿದ. "ಆತ್ಯಾ, ಇವೆರಡೂ ನೆಟ್ ಇಲ್ಲದಿದ್ರೂ ನಡೀತಾವ. ಆದ್ರ ಒಂದು ಮಾತು, ಅಲ್ಲಿ ಇಳದ ಕೂಡಲೇ ಡೇಟಾ ರೋಮಿಂಗ್ ಚಾಲೂ ಮಾಡಬ್ಯಾಡ್ರಿ. ಪ್ಯಾಕ್ ಇಲ್ಲದ ಚಾಲೂ ಆದ್ರ ಎಂಬಿ ಲೆಕ್ಕದಾಗ ದುಡ್ಡು ಹೋಗ್ತೈತಿ" ಅಂದ.

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಅಳಿಯಂದಿರು ಬಂದು ನಿಂತಿರಬೇಕಿತ್ತು. ನಿಂತಿದ್ದರು, ಆದರೆ ಬೇರೆ ಬಾಗಿಲಲ್ಲಿ. ಚಿನ್ನದ ಬಣ್ಣದ ಕೂದಲಿನ ಮಂದಿಯ ನಡುವೆ ಎರಡು ಬ್ಯಾಗು, ಒಂದು ಜೋಳದ ಹಿಟ್ಟಿನ ಗಂಟು ಹಿಡಿದು ಇಪ್ಪತ್ತು ನಿಮಿಷ ನಿಂತೆ. ಫೋನ್ ನೋಡಿದರೆ ನೆಟ್‌ವರ್ಕೇ ಇಲ್ಲ.

ಆಮೇಲೆ ಅಣ್ಣನ ಮಗ ಹೇಳಿದ್ದು ನೆನಪಾಯಿತು. ಆ ನಿಲ್ದಾಣದಲ್ಲಿ ಪುಕ್ಕಟೆ ವೈಫೈ ಇದೆ. ಸೇರಿಕೊಂಡೆ, ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದೆ. "ಅತ್ತಿಯಾರ, ಅಲ್ಲೇ ನಿಂದರ್ರಿ, ಅಲುಗಾಡಬ್ಯಾಡ್ರಿ" ಅಂದರು. ಐದು ನಿಮಿಷಕ್ಕೆ ಬಂದರು.

ಒಂದು ಮಾತು ಗಮನಿಸಿ. ಎಲ್ಲ ವಿಮಾನ ನಿಲ್ದಾಣದಲ್ಲೂ ವೈಫೈ ಹೀಗೆ ಸುಮ್ಮನೆ ಸಿಗುವುದಿಲ್ಲ. ಮೊಬೈಲಿಗೆ ಒಟಿಪಿ ಕಳಿಸಿ, ಅದನ್ನು ಹಾಕಿದರೆ ಮಾತ್ರ ಬಾಗಿಲು ತೆಗೆಯುವ ನಿಲ್ದಾಣಗಳಿವೆ. ಸಿಮ್‌ಗೆ ನೆಟ್‌ವರ್ಕ್ ಇಲ್ಲದವರಿಗೆ ಅಲ್ಲಿ ವೈಫೈಯೂ ಇಲ್ಲ. ಕೀಲಿಕೈ ಮನೆಯೊಳಗಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಆದ್ದರಿಂದ ಭೇಟಿಯಾಗುವ ಬಾಗಿಲ ನಂಬರು, ಕರೆಯಲು ಬರುವವರ ಫೋನ್ ನಂಬರು, ಮನೆಯ ವಿಳಾಸ ಮೂರನ್ನೂ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಚೀಟಿಗೆ ಚಾರ್ಜ್ ಬೇಕಿಲ್ಲ.

ಸಣ್ಣ ಚಿಪ್ಪು, ದೊಡ್ಡ ತಪ್ಪು

ಸ್ಟುಟ್‌ಗಾರ್ಟಿನಲ್ಲಿ ಮಗಳ ಮನೆ. ಅಲ್ಲಿ ವೈಫೈಗೇನೂ ಕೊರತೆಯಿಲ್ಲ. ಆದರೆ ಔಷಧಕ್ಕೆ, ತರಕಾರಿಗೆ ಅಂತ ಹೊರಗೆ ಹೋದರೆ ಫೋನ್ ಬೇಕಲ್ಲ. ಅಳಿಯಂದಿರು ಅಲ್ಲಿಯ ಪ್ರೀಪೇಯ್ಡ್ ಸಿಮ್ ತಂದರು. ಜರ್ಮನಿಯಲ್ಲಿ 2017ರ ಜುಲೈನಿಂದ ಗುರುತಿನ ಪರಿಶೀಲನೆ ಆಗದೆ ಪ್ರೀಪೇಯ್ಡ್ ಸಿಮ್ ಚಾಲೂ ಆಗುವುದಿಲ್ಲ.

ಈಗ ನನ್ನ ಫೋನಿನ ಕಥೆ ಕೇಳಿ. ಅದರಲ್ಲಿ ಎರಡು ಖಾನೆ. ಒಂದರಲ್ಲಿ ಸಿಮ್, ಇನ್ನೊಂದರಲ್ಲಿ ಒಂದೋ ಎರಡನೇ ಸಿಮ್ ಇಡಬೇಕು, ಇಲ್ಲವೇ ಮೆಮೊರಿ ಕಾರ್ಡ್ ಇಡಬೇಕು. ಮೆಮೊರಿ ಕಾರ್ಡಿನಲ್ಲಿ ನನ್ನ ವಚನಗಳು, ಭಜನೆ, ಮಗಳ ಮದುವೆಯ ಫೋಟೊ. ಅದನ್ನು ತೆಗೆಯಲು ಮನಸ್ಸಾಗಲಿಲ್ಲ. "ಊರಿನ ಸಿಮ್ ತಗದಿಡ್ರಿ, ಇಲ್ಲಿ ಅದು ಏನು ಕೆಲಸಕ್ಕ ಬರ್ತೈತಿ" ಅಂದೆ ನಾನೇ. ಉಗುರಿನಷ್ಟಿರುವ ಆ ಸಿಮ್ಮನ್ನು ಕಾಗದದಲ್ಲಿ ಸುತ್ತಿ ಕುಂಕುಮದ ಭರಣಿಯ ಜೊತೆ ಪರ್ಸಿನಲ್ಲಿಟ್ಟೆ. ವಾಟ್ಸ್ಆ್ಯಪ್ ಹಳೆಯ ನಂಬರಿನ ಮೇಲೇ ನಡೆಯುತ್ತಿತ್ತು. ಸಿಮ್ ಬದಲಾದರೂ ಆಗ ಅದು ಹಳೇ ನಂಬರಿನಲ್ಲೇ ಉಳಿದಿತ್ತು. ದಿನಾ ಸಂಜೆ ನಮ್ಮವರಿಗೆ, ಅತ್ತೆಗೆ ವಿಡಿಯೊ ಕರೆ. ಎಲ್ಲ ಸುಸೂತ್ರ.

ಅತ್ತೆಗೆ 84 ವರ್ಷ. ನನ್ನನ್ನು ಸೊಸೆ ಅಂತ ಮನೆ ತುಂಬಿಸಿಕೊಂಡು 34 ವರ್ಷ. ನನ್ನ ಎರಡೂ ಬಾಣಂತನ ಮಾಡಿದವರು ಅವರೇ. ಹೊರಡುವ ದಿನ "ಹೋಗಿ ಬಾ. ನಾ ಇರ್ತೀನಿ" ಅಂದಿದ್ದರು. ವಿಡಿಯೊದಲ್ಲಿ ಕಂಡಾಗೆಲ್ಲ ಒಂದೇ ಪ್ರಶ್ನೆ: "ಅಲ್ಲಿ ಈಗ ಹಗಲೇನು?" ನಮಗಿಂತ ನಾಲ್ಕೂವರೆ ತಾಸು ಹಿಂದೆ ಇದೆ ಅಂದರೆ ನಗುತ್ತಿದ್ದರು. "ಹಂಗಾರ ನಿನ್ನ ಸಂಜೀ ಊಟ ನಾ ಮೊದಲ ಉಂಡಿರ್ತೀನಿ!"

ಆ ರಾತ್ರಿ

ಫೆಬ್ರವರಿಯಲ್ಲಿ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಸಿಸೇರಿಯನ್. ಐದನೆಯ ದಿನ, ಅಲ್ಲಿಯ ಸಂಜೆ ನಾಲ್ಕೂವರೆ. ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ದೆವು. ನಮ್ಮವರ ಕರೆ ಬಂತು. ಮುಖ ಕಾಣಲಿಲ್ಲ, ಬರೀ ದನಿ.

"ಅವ್ವ ಬಚ್ಚಲದಾಗ ಬಿದ್ದಾಳ. ತೊಡೀ ಎಲುಬ ಮುರದೈತಿ ಅಂತಾರ. ಮಿರಜಕ್ಕ ಹೊಂಟೇವಿ."

ರಾಯಬಾಗದಿಂದ ಕುಡಚಿ, ಕೃಷ್ಣೆಯ ಸೇತುವೆ, ಉಗಾರ, ಕಾಗವಾಡ, ಆಮೇಲೆ ಮಿರಜ. ನಮ್ಮ ಕಡೆಯವರಿಗೆ ದೊಡ್ಡ ಬ್ಯಾನೆ ಅಂದರೆ ಮಿರಜ. ಅದು ಕಬ್ಬಿನ ಹಂಗಾಮು; ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್ ಸಾಲು. ಆ ದಾರಿಯಲ್ಲಿ ಮುರಿದ ಎಲುಬು ಹೊತ್ತು ಅತ್ತೆ ಹೋಗುವುದನ್ನು ನಾನು ಇಲ್ಲಿ ಕೂತು ಕಣ್ಣ ಮುಂದೆ ಕಾಣುತ್ತಿದ್ದೆ.

ಎರಡು ತಾಸಿನ ಮೇಲೆ ಮತ್ತೆ ಕರೆ. ಆಪರೇಷನ್ ಮಾಡಬೇಕು, ಮೊದಲು 40 ಸಾವಿರ ಕಟ್ಟಬೇಕು. ಇವರ ಕಿಸೆಯಲ್ಲಿದ್ದದ್ದು 11 ಸಾವಿರ.

ನಮ್ಮ ಮನೆಯಲ್ಲಿ ಬ್ಯಾಂಕು ಅಂದರೆ ನಾನು. ಪಿಂಚಣಿ ಬರುವುದು ನನ್ನ ಖಾತೆಗೆ, ಕಬ್ಬಿನ ಬಿಲ್ ಕೂಡಿಡುವುದೂ ಅಲ್ಲೇ. ಇವರದು ಗುಂಡಿ ಒತ್ತುವ ಸಾದಾ ಫೋನ್. ನನ್ನೊಡನೆ ಮಾತಾಡಲು ವಿಡಿಯೊ ಕರೆ ಹಚ್ಚಿಕೊಡುತ್ತಿದ್ದದ್ದು ನೆರೆಮನೆಯ ಹುಡುಗ. "ಚಿಂತಿ ಮಾಡಬ್ಯಾಡ್ರಿ, ಈಗ ಕಳಸ್ತೀನಿ" ಅಂದು ಬ್ಯಾಂಕಿನ ಆ್ಯಪ್ ತೆರೆದೆ. ಆಸ್ಪತ್ರೆಯ ಖಾತೆ ಹೊಸದು, ಸೇರಿಸಬೇಕು. ಸೇರಿಸಿದೆ. ಪರದೆಯ ಮೇಲೆ ಬಂತು: ನಿಮ್ಮ ಮೊಬೈಲಿಗೆ ಕಳಿಸಿದ ಒಟಿಪಿ ಹಾಕಿ.

ಮೊಬೈಲಿನ ಸಿಮ್ ಕುಂಕುಮದ ಭರಣಿಯ ಪಕ್ಕದಲ್ಲಿ!

ಓಡಿಹೋಗಿ ತಂದೆ. ಅಳಿಯಂದಿರು ಸಿಮ್ ಹಾಕಿದರು. 'ಸೇವೆ ಇಲ್ಲ' ಅಂತ ತೋರಿಸಿತು. ತಿರುಗಿಸಿ ಮುರುಗಿಸಿ ನೋಡಿದೆವು, ಫೋನ್ ಬಂದ್ ಮಾಡಿ ಚಾಲೂ ಮಾಡಿದೆವು. ಅದೇ ಉತ್ತರ. ಆಮೇಲೆ ಲೆಕ್ಕ ಹಾಕಿದರೆ 28 ದಿನದ ರಿಚಾರ್ಜ್ ಮುಗಿದು ಹತ್ತು ದಿನವಾಗಿತ್ತು. ನಿಪ್ಪಾಣಿಯ ಅಣ್ಣನ ಮಗನಿಗೆ ವಾಟ್ಸ್ಆ್ಯಪ್ ಮಾಡಿದೆ, ಅವನು ಎರಡು ನಿಮಿಷದಲ್ಲಿ ರಿಚಾರ್ಜ್ ಮಾಡಿದ. ಆದರೂ 'ಸೇವೆ ಇಲ್ಲ'. ಯಾಕೆಂದರೆ ಆ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗನ್ನು ನಾನು ಚಾಲೂ ಮಾಡಿಸಿಯೇ ಇರಲಿಲ್ಲ. ಈಗ ಮಾಡಿಸೋಣ ಅಂತ ಮೊಬೈಲ್ ಕಂಪನಿಯ ಆ್ಯಪ್‌ಗೆ ಹೋದರೆ ಅದು ಕೇಳಿದ್ದೂ ಒಟಿಪಿಯೇ. ಒಟಿಪಿ ಬರಲಿಕ್ಕೆ ರೋಮಿಂಗ್ ಬೇಕು, ರೋಮಿಂಗ್ ಬರಲಿಕ್ಕೆ ಒಟಿಪಿ ಬೇಕು. ಚಿಕ್ಕೋಡಿಯ ಆ ಹುಡುಗ ಹೇಳಲು ಬಾಯಿ ತೆರೆದದ್ದು ಇದನ್ನೇ ಇರಬೇಕು.

ಒಳಗೆ ಕೂಸು ಅಳುತ್ತಿತ್ತು. ಮಗಳು ಹೊಲಿಗೆಯ ನೋವಿನಲ್ಲಿ ಏಳಲಾರದೆ "ಅವ್ವಾ, ಅಜ್ಜಿ ಹೆಂಗದಾಳ?" ಅಂತ ಕೇಳುತ್ತಿದ್ದಳು. ಖಾತೆಯಲ್ಲಿ ದುಡ್ಡಿದೆ, ಕೈಯಲ್ಲಿ ಫೋನಿದೆ, ಮನೆಯಲ್ಲಿ ಗಾಳಿಯಂಥ ಇಂಟರ್‌ನೆಟ್ ಇದೆ. ಆದರೂ ಮಿರಜದ ಆ ಕಿಟಕಿಗೆ ಒಂದು ರೂಪಾಯಿ ಮುಟ್ಟಿಸಲು ಆಗಲಿಲ್ಲ. ನನ್ನ ಇಡೀ ಜೀವನದಲ್ಲಿ ನಾನು ಅಷ್ಟು ದೂರದಲ್ಲಿದ್ದೇನೆ ಅನಿಸಿದ್ದು ಅವತ್ತೇ.

ಕೊನೆಗೆ ಕಾಗವಾಡದ ತಂಗಿಗೆ ಕರೆ ಮಾಡಿದೆ. ಅಲ್ಲಿ ಆಗ ರಾತ್ರಿ ಹನ್ನೆರಡು ಹೊಡೆದಿತ್ತು. ಅವಳು ಒಂದೇ ಮಾತು ಅಂದಳು: "ಫೋನ್ ಇಡು ಅಕ್ಕಾ." ಅವತ್ತು ಅವರ ಮನೆಯಲ್ಲಿ ಕಬ್ಬು ಕಡಿಯುವ ಗ್ಯಾಂಗಿಗೆ ಕೊಡಲೆಂದು ತಂದಿಟ್ಟ ರೊಕ್ಕ ಇತ್ತು. ಗಂಡ ಹೆಂಡತಿ ಮೋಟರ್ ಸೈಕಲ್ ಮೇಲೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಿರಜಕ್ಕೆ ಹೋದರು. ಕಾಗವಾಡದಿಂದ ಮಿರಜ ದೂರವೇನಿಲ್ಲ. ಒಂದು ಗಂಟೆಗೆ ನಮ್ಮವರ ಕರೆ ಬಂತು: "ತುಂಬೇವಿ. ಮುಂಜಾನೆ ಆಪರೇಷನ್. ನೀ ಮಲ್ಕೊ."

ನಾನು ಮಲಗಲಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗು ಮಾಡಿದೆ. ಮರುದಿನ ಮಧ್ಯಾಹ್ನ, ಅಳಿಯಂದಿರು ಕಂಪನಿಯ ಗ್ರಾಹಕ ಸೇವೆಯವರಿಗೆ ಫೋನ್ ಹಚ್ಚಿಕೊಟ್ಟು, ಹೆಸರು, ಜನ್ಮ ತಾರೀಕು, ವಿಳಾಸ ಎಲ್ಲ ನಾನೇ ಹೇಳಿ ಖಾತ್ರಿ ಮಾಡಿದ ಮೇಲೆ ರೋಮಿಂಗ್ ಚಾಲೂ ಆಯಿತು. ಟಿಣ್ ಅಂತ ಒಟಿಪಿ ಬಂತು. ಅಷ್ಟರೊಳಗೆ ಅತ್ತೆಯ ಆಪರೇಷನ್ ಮುಗಿದಿತ್ತು.

ಈಗ ನಾನು ಎಲ್ಲರಿಗೂ ಹೇಳುವುದು

ಊರಿಗೆ ಬಂದ ಮೇಲೆ ಯಾರು ಪರದೇಶಕ್ಕೆ ಹೊರಟರೂ ನನ್ನ ಹತ್ತಿರ ಕಳಿಸುತ್ತಾರೆ. ನಾನು ಪಾಠ ಮಾಡಿಯೇ ಬಿಡುವುದು. ನೀವೂ ಕೇಳಿಸಿಕೊಳ್ಳಿ.

ಮೊದಲನೆಯದು, ಊರಿನ ಸಿಮ್ ಜೀವಂತ ಇರಲಿ. ಎಷ್ಟು ದಿನ ಅಲ್ಲಿರುತ್ತೀರೋ ಅಷ್ಟು ದಿನದ ವ್ಯಾಲಿಡಿಟಿ ಹೊರಡುವ ಮುಂಚೆಯೇ ಹಾಕಿಸಿ. ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಇಲ್ಲಿದ್ದಾಗಲೇ ಚಾಲೂ ಮಾಡಿಸಿ. ಸೇವೆ ಬೇರೆ, ಪ್ಯಾಕ್ ಬೇರೆ. ಈ ಭೇದ ತಿಳಿದಿರಲಿ. ಸೇವೆ ಚಾಲೂ ಇದ್ದರೆ ಒಟಿಪಿ ಬರುತ್ತದೆ. ಸಾಮಾನ್ಯವಾಗಿ ಒಳಬರುವ ಎಸ್ಎಂಎಸ್‌ಗೆ ದುಡ್ಡು ಹಿಡಿಯುವುದಿಲ್ಲ, ಆದರೂ ನಿಮ್ಮ ಕಂಪನಿಯವರನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. ಅಲ್ಲಿ ಆ ಸಿಮ್ಮಿನ 'ಡೇಟಾ ರೋಮಿಂಗ್' ಬಂದ್ ಇರಲಿ. ಅದರ ಮೇಲೆ ಬಂದ ಕರೆ ಎತ್ತಬೇಡಿ, ಎತ್ತಿದರೆ ನಿಮಗೂ ದುಡ್ಡು.

ಎರಡನೆಯದು, ಅಲ್ಲಿಯ ಇಂಟರ್‌ನೆಟ್‌ಗೆ ಮೂರು ದಾರಿ. ಒಂದು, ನಮ್ಮ ಕಂಪನಿಯ ರೋಮಿಂಗ್ ಪ್ಯಾಕ್. ವಾರ ಹತ್ತು ದಿನದ ಪ್ರವಾಸಕ್ಕೆ ಇದು ಸಲೀಸು. ಎರಡು, ಆ ದೇಶದ ಸಿಮ್. ತಿಂಗಳುಗಟ್ಟಲೆ ಇರುವವರಿಗೆ ಇದೇ ಅಗ್ಗ. ಬಹಳಷ್ಟು ದೇಶಗಳಲ್ಲಿ ಇದಕ್ಕೆ ಪಾಸ್‌ಪೋರ್ಟ್ ಬೇಕು. ಸೌದಿಯಲ್ಲಿ ಬೆರಳಚ್ಚನ್ನೂ ಕೊಡಬೇಕು ಅಂತ ಹಜ್ ಮಾಡಿ ಬಂದ ನನ್ನ ಜೊತೆಗಾರ ಮೇಡಂ ಹೇಳಿದರು. ಮೂರು, ಇ-ಸಿಮ್. ಇದಕ್ಕೆ ಚಿಪ್ಪೇ ಇಲ್ಲ. ಕ್ಯೂಆರ್ ಕೋಡ್ ತೋರಿಸಿದರೆ ಫೋನಿನೊಳಗೇ ಸಿಮ್ ಕೂಡುತ್ತದೆ, ಊರಿನ ಸಿಮ್ ತನ್ನ ಖಾನೆಯಲ್ಲಿ ಆರಾಮಾಗಿ ಇರುತ್ತದೆ. ನಿಮ್ಮ ಫೋನಿಗೆ ಇ-ಸಿಮ್ ಬರುತ್ತದೋ ಇಲ್ಲವೋ ನೋಡಲು *#06# ಒತ್ತಿ. ಬಂದ ನಂಬರುಗಳಲ್ಲಿ ಇಐಡಿ ಅಂತ ಒಂದು ಇದ್ದರೆ ಸಾಧಾರಣವಾಗಿ ಬರುತ್ತದೆ ಅಂತ ಅರ್ಥ. ಪ್ರವಾಸಿಗರ ಇ-ಸಿಮ್‌ಗಳಲ್ಲಿ ಬಹಳಷ್ಟು ಡೇಟಾ ಮಾತ್ರ ಇರುತ್ತದೆ, ಫೋನ್ ನಂಬರ್ ಇರುವುದಿಲ್ಲ. ಅದನ್ನು ಕೂರಿಸಲಿಕ್ಕೂ ಇಂಟರ್‌ನೆಟ್ ಬೇಕು, ಆದ್ದರಿಂದ ಮನೆಯ ವೈಫೈ ಇದ್ದಾಗಲೇ ಕೂರಿಸಿಕೊಂಡು ಹೋಗಿ.

ಮೂರನೆಯದು, ಹೋಗುವ ದೇಶದಲ್ಲಿ ಯಾವ ಆ್ಯಪ್ ನಡೆಯುತ್ತದೆ ಕೇಳಿಕೊಳ್ಳಿ. ದುಬೈ ಇರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿಯ ಸರ್ಕಾರ ಒಪ್ಪಿದ ಬೇರೆ ಆ್ಯಪ್‌ಗಳಿವೆ. ಚೀನಾದಲ್ಲಿ ವಾಟ್ಸ್ಆ್ಯಪ್ಪೂ ಇಲ್ಲ, ಗೂಗಲ್ಲೂ ಇಲ್ಲ. ಇಳಿದ ಮೇಲೆ ಗಾಬರಿಯಾಗುವುದಕ್ಕಿಂತ ಮೊದಲೇ ತಿಳಿದುಕೊಂಡು ಮನೆಯವರಿಗೂ ಹೇಳಿ ಹೋಗುವುದು ಒಳ್ಳೆಯದು.

ನಾಲ್ಕನೆಯದು, ದುಡ್ಡಿನ ಕೀಲಿಕೈ ಒಬ್ಬರ ಸೊಂಟದಲ್ಲೇ ಇರಬಾರದು. ಹೊರಡುವ ಮುಂಚೆ ಒಂದು ಖಾತೆಯನ್ನಾದರೂ ಜಂಟಿ ಮಾಡಿ, ಇಬ್ಬರಲ್ಲಿ ಯಾರಾದರೂ ತೆಗೆಯುವಂತಿರಲಿ. ಮನೆಯಲ್ಲಿರುವವರಿಗೆ ಎಟಿಎಂ ಕಾರ್ಡ್ ಬಳಸಲು ಕಲಿಸಿ. ಅವಸರಕ್ಕೆ ಬೇಕಾಗುವ ಖಾತೆಗಳನ್ನು ಮೊದಲೇ ಆ್ಯಪ್‌ನಲ್ಲಿ ಸೇರಿಸಿ. ಫೋನಿನಿಂದ ದುಡ್ಡು ಕಳಿಸುವ ಯುಪಿಐ ಆ್ಯಪ್‌ಗಳು ಸಿಮ್‌ಗೆ ಗಂಟು ಹಾಕಿಕೊಂಡಿರುತ್ತವೆ. ಸಿಮ್ ತೆಗೆದರೆ ಮತ್ತೆ ಮೊದಲಿನಿಂದ ನೋಂದಣಿ ಕೇಳಬಹುದು. ವಿಮಾನ ನಿಲ್ದಾಣ, ಹೋಟೆಲ್ಲಿನ ಪುಕ್ಕಟೆ ವೈಫೈ ಮೇಲೆ ಬ್ಯಾಂಕಿನ ಕೆಲಸ ಬೇಡ.

ಐದನೆಯದು ಮನೆಯಲ್ಲಿ ಉಳಿಯುವವರಿಗೆ. "ನಿಮ್ಮ ಮಗಳು ಪರದೇಶದಾಗ ಪೊಲೀಸರ ಕೈಯಾಗ ಸಿಕ್ಕಾಳ, ದುಡ್ಡು ಕಳಸ್ರಿ" ಅಂತ ಕರೆ ಬಂದರೆ ನಂಬಬೇಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಶಬ್ದ ಇಟ್ಟುಕೊಳ್ಳಿ, ಅದನ್ನು ಕೇಳಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ರೈನ್ ನದಿಯ ಆಚೆ

ಮಾರ್ಚ್ ಕೊನೆಗೆ ಮಗಳು ಎದ್ದು ಓಡಾಡುವಂತಾದಳು. ಒಂದು ದಿನ ಕೂಸನ್ನು ಕಟ್ಟಿಕೊಂಡು ಎಲ್ಲರೂ ಕೇಲ್ ಅನ್ನೋ ಊರಿಗೆ ಹೋದೆವು. ಜರ್ಮನಿಯ ಕಡೆಯ ಊರು ಅದು. ನಡುವೆ ರೈನ್ ನದಿ. ಆಚೆ ದಂಡೆಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಒಂದು ಟ್ರ್ಯಾಮ್ ಈಚೆಯಿಂದ ಆಚೆಗೆ ಹೋಗುತ್ತದೆ, 2017ರಲ್ಲಿ ಶುರುವಾದದ್ದಂತೆ. ಸೇತುವೆಯ ನಡುವೆ ನನ್ನ ಫೋನ್ ಗುಂಯ್ ಅಂದಿತು. ಫ್ರಾನ್ಸಿಗೆ ಸ್ವಾಗತ ಅಂತ ಸಂದೇಶ.

ನನಗೆ ಎದೆ ಝಲ್ ಅಂದಿತು. "ಅಯ್ಯ, ರೋಮಿಂಗ್ ಬಂತು! ಬಂದ್ ಮಾಡ್ರಿ" ಅಂದೆ. ಅಳಿಯಂದಿರು ನಕ್ಕರು. "ಇಲ್ಲಿ ಅದಕ್ಕ ರೊಕ್ಕಾ ಇಲ್ರಿ ಅತ್ತಿಯಾರ." ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಒಂದು ದೇಶದ ಸಿಮ್ಮನ್ನು ಇನ್ನೊಂದು ದೇಶದಲ್ಲಿ ಬಳಸಿದರೆ ಪ್ರತ್ಯೇಕ ಶುಲ್ಕವಿಲ್ಲ, ಕೆಲವು ಮಿತಿಗಳ ಒಳಗೆ. 27 ದೇಶಕ್ಕೂ ಅದೇ ನಿಯಮ. ನಮ್ಮ ನಿಪ್ಪಾಣಿಯ ಮಾಳಿಗೆಯ ಮೇಲಿನ ರೋಮಿಂಗ್ ಹೋದದ್ದೂ, ರೈನ್ ಸೇತುವೆಯ ಮೇಲಿನ ರೋಮಿಂಗ್ ಹೋದದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ!

"ಆದ್ರ ಸ್ವಿಟ್ಜರ್ಲೆಂಡ್ ಒಕ್ಕೂಟದಾಗ ಇಲ್ಲ. ಅಲ್ಲಿ ಗಡಿ ಹತ್ರ ಹೋದ್ರ ಫೋನ್ ತಾನ ಸ್ವಿಸ್ ಟವರ್ ಹಿಡೀತೈತಿ, ಬಿಲ್ ಬರ್ತೈತಿ" ಅಂದರು.

"ಅದಕ್ಕೇನ್ರಿ, ಮ್ಯಾನ್ಯುಯಲ್‌ಗೆ ಹಾಕಿ ಜರ್ಮನಿ ಟವರ್ ಹಿಡದ್ರ ಆತು" ಅಂದೆ. ಸಾಫ್ಟ್‌ವೇರ್ ಅಳಿಯಂದಿರು ಕಣ್ಣರಳಿಸಿ ನೋಡಿದರು. ಕಾಗವಾಡದ ಹಿತ್ತಲಲ್ಲಿ ಕಲಿತ ವಿದ್ಯೆ ಯುರೋಪಿನಲ್ಲೂ ನಡೆಯಿತು. ಆ ಮೂರು ತಿಂಗಳಲ್ಲಿ ನಾನು ಅವರಿಗೆ ಕಲಿಸಿದ್ದು ಅದೊಂದೇ.

ಒಂದು ಮಾತು ಹೇಳಲೇಬೇಕು. ಪರದೇಶ ಅಂದರೆ ಎಲ್ಲ ಕಡೆ ನೆಟ್ ಓಡುತ್ತಿರುತ್ತದೆ ಅಂತ ತಿಳಿಯಬೇಡಿ. ಅಲ್ಲಿಯ ರೈಲಿನಲ್ಲಿ ಕಾಡು, ಸುರಂಗದ ನಡುವೆ ಫೋನ್ ಸತ್ತೇ ಹೋಗುತ್ತಿತ್ತು. ಅದಕ್ಕೆ ಅವರದೇ ಒಂದು ಶಬ್ದ ಇದೆ, 'ಫುಂಕ್‌ಲೋಖ್'. ಸಿಗ್ನಲ್ಲಿನ ತೂತು ಅಂತ ಅರ್ಥ. ನಮ್ಮ ಅಥಣಿ ಕಡೆಯ ಹೊಲಗಳಲ್ಲಿ ಇರುವ ತೂತು ಅಲ್ಲಿಯೂ ಇದೆ.

ಹಗಲೇನು?

ಅತ್ತೆ ಮಿರಜದಿಂದ ಮನೆಗೆ ಬಂದು ಹಾಸಿಗೆ ಹಿಡಿದಿದ್ದರು. ಮರಿಮೊಮ್ಮಗಳನ್ನು ಅವರು ನೋಡಿದ್ದು ಫೋನಿನಲ್ಲಿ. ಮೊದಲ ದಿನ ತಂಗಿ ಅವರ ಮುಖದ ಮುಂದೆ ಫೋನ್ ಹಿಡಿದಿದ್ದಳು. ಅತ್ತೆ ಬಹಳ ಹೊತ್ತು ಏನೂ ಮಾತಾಡಲಿಲ್ಲ. ನೆಟ್ ನಿಂತಿತೇನೋ ಅಂದುಕೊಂಡೆ. ನಿಂತಿರಲಿಲ್ಲ. ಅವರು ಕೂಸನ್ನು ನೋಡುತ್ತಿದ್ದರು.

ಆಮೇಲೆ ಅಂದರು: "ನೆತ್ತಿಗೆ ಎಣ್ಣಿ ಸಾಲವಲ್ದು. ಹಚ್ಚು."

ಅವತ್ತಿನಿಂದ ದಿನಾ ಮುಂಜಾನೆ ಕೂಸಿಗೆ ಎರೆಯುವ ಹೊತ್ತಿಗೆ ನಾನು ಫೋನನ್ನು ಗೋಡೆಗೆ ಆನಿಸಿ ಇಡುತ್ತಿದ್ದೆ. ರಾಯಬಾಗದ ಹಾಸಿಗೆಯಿಂದ ಅವರು ಹೇಳುತ್ತಿದ್ದರು, ಸ್ಟುಟ್‌ಗಾರ್ಟಿನ ಬಚ್ಚಲಲ್ಲಿ ನಾನು ಮಾಡುತ್ತಿದ್ದೆ. "ಕೈ ಹಿಂಗ ಹಿಡಿ. ಬೆನ್ನ ತೀಡು. ನೀರ ಬಿಸಿ ನೋಡಿದೇನ?" ನಲವತ್ತು ದಿನದ ಬಾಣಂತನವನ್ನು ಮುರಿದ ಎಲುಬಿನ ಆ ಮುದುಕಿಯೇ ಮಾಡಿದರು ಅಂದರೂ ನಡೆದೀತು. ಮಾರ್ಚ್ ಕೊನೆಯ ರವಿವಾರ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಹಾಕುತ್ತಾರೆ, ನಮ್ಮ ನಡುವಿನ ಅಂತರ ಮೂರೂವರೆ ತಾಸಾಗುತ್ತದೆ. ಅದನ್ನು ಹೇಳಿದಾಗ ಅತ್ತೆ, "ಒಂದು ತಾಸು ಹತ್ರ ಬಂದಿ ಅನ್ನು" ಅಂದರು.

ವೀಸಾದ ತೊಂಬತ್ತು ದಿನ ಮುಗಿಯುವುದರೊಳಗೆ ಏಪ್ರಿಲ್ ಮೊದಲ ವಾರ ಹೊರಟೆ. ಅಳಿಯಂದಿರ ಕಾಲಲ್ಲಿ ನಾನು ಒಯ್ದ ಅಥಣಿಯ ಚಪ್ಪಲಿ. ಮನೆಯೊಳಗೆ ಮಾತ್ರ ಹಾಕುತ್ತಿದ್ದವರು ಅವತ್ತು ವಿಮಾನ ನಿಲ್ದಾಣಕ್ಕೂ ಹಾಕಿಕೊಂಡು ಬಂದಿದ್ದರು. ಮುಂಬಯಿಯಿಂದ ರಾತ್ರಿ ರೈಲು, ಮುಂಜಾನೆ ಮಿರಜ. ತಂಗಿ ಗಂಡ ಗಾಡಿ ತಂದಿದ್ದರು. ದಾರಿಯಲ್ಲಿ ಅವರಿಗೆ ರೊಕ್ಕದ ಮಾತು ತೆಗೆದೆ. "ನಿಮ್ಮ ಒಟಿಪಿ ಬಂದ ದಿನಾನ ಬಂದೈತಲ್ರಿ, ಮತ್ತೇನು" ಅಂತ ನಕ್ಕರು.

ಕಾಗವಾಡ ದಾಟಿ, ಉಗಾರದ ಸಕ್ಕರೆ ವಾಸನೆ ದಾಟಿ, ಕೃಷ್ಣೆಯನ್ನು ದಾಟಿ ರಾಯಬಾಗ ಮುಟ್ಟಿದಾಗ ಬಿಸಿಲು ಏರಿತ್ತು. ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತು ಅತ್ತೆಯ ಕೈ ಹಿಡಿದೆ. ಮೂರು ತಿಂಗಳು ದಿನಾ ನೋಡಿದ ಮುಖವೇ. ಆದರೆ ಕೈ ಇಷ್ಟು ಸಣ್ಣಗಾಗಿದೆ ಅಂತ ಫೋನಿನಲ್ಲಿ ಗೊತ್ತೇ ಆಗಿರಲಿಲ್ಲ.

ಅವರು ನನ್ನ ಮುಖ ನೋಡಿ ಕೇಳಿದರು: "ಅಲ್ಲಿ ಈಗ ಹಗಲೇನು?"

"ಈಗಷ್ಟ ಬೆಳಗಾಗಿರಬೇಕ್ರಿ ಅತ್ತಿ" ಅಂದೆ.

"ಹಂಗಾರ ಹಚ್ಚು ಫೋನ್. ಕೂಸಿಗೆ ಎರಿಯೂ ಹೊತ್ತಾತು. ಅದಕೇನು ಗೊತ್ತಾಗ್ತೈತಿ, ನಾ ಹೇಳಬೇಕು."

ಹಚ್ಚಿದೆ. ಎರಡನೇ ರಿಂಗಿಗೇ ಮಗಳು ಎತ್ತಿದಳು.